ಗೆದ್ದವಳಿಗೆ ತೆಂಗಿನಕಾಯಿ

ಜೂನಿಯರ್ ರೇಸ್ ಗೆದ್ದರೆ ಕ್ಲಬ್ಬಿನ ಬೈಕು ನಿನಗೆ ಎಂದಿದ್ದರು. ಸಿಗಲಿಲ್ಲ.

ತಂಡದಲ್ಲಿ ಜಾಗ ಎಂದಿದ್ದರು. ಸಿಗಲಿಲ್ಲ. ಕೊಯಮತ್ತೂರಿನ ದೊಡ್ಡ ರೇಸಿಗೆ ಕರೆದೊಯ್ಯುತ್ತೇವೆ ಎಂದಿದ್ದರು. ಲಾರಿ ಹೊರಟಿತು, ನಾನು ಹೊರಡಲಿಲ್ಲ.

ಸಿಕ್ಕಿದ್ದು ಒಂದು ತೆಂಗಿನಕಾಯಿ, ಒಂದು ಕುಪ್ಪಸದ ಖಣ, ಬೊಗಸೆ ಅಕ್ಕಿ.

ಇದು ತೊಂಬತ್ತರ ದಶಕದ ಪುಣೆಯ ಮಾತು. ಅಪ್ಪ ಮಾರ್ಕೆಟ್ ಯಾರ್ಡಿನಲ್ಲಿ ಟೆಂಪೊ ಓಡಿಸುತ್ತಿದ್ದ, ಅವ್ವ ಈರುಳ್ಳಿ ಆರಿಸುತ್ತಿದ್ದಳು. ಕಲಬುರಗಿ ಕಡೆಯಿಂದ ಹೊಟ್ಟೆಪಾಡಿಗೆ ಬಂದ ಮಂದಿ ನಾವು.

ಮಧ್ಯಾಹ್ನ ಹರಾಜು ಮುಗಿದು ಲಾರಿಗಳು ಹೋದ ಮೇಲೆ ಯಾರ್ಡ್ ಖಾಲಿ. ನೆಲದ ತುಂಬ ಈರುಳ್ಳಿ ಸಿಪ್ಪೆ, ಕೊಳೆತ ಟೊಮೆಟೊ. ಅದರ ಮೇಲೆ ಅಪ್ಪನ ಗೆಳೆಯನ ಹಳೇ ಮೊಪೆಡ್ ಓಡಿಸಿ ಕಲಿತೆ.

ಗಾಲಿ ಜಾರಿದಾಗ ಗಾಬರಿಯಾಗಿ ಬ್ರೇಕ್ ಹಿಡಿಯಬಾರದು, ಜಾರಲು ಬಿಡಬೇಕು... ಇದನ್ನು ನನಗೆ ಕಲಿಸಿದ್ದು ಯಾವ ಕೋಚೂ ಅಲ್ಲ, ಆ ಟೊಮೆಟೊ.

ಊರ ಹೊರಗಿನ ಗುಡ್ಡದಲ್ಲಿ ಬೈಕ್ ರೇಸ್ ಕ್ಲಬ್ಬಿನ ಮಣ್ಣಿನ ಟ್ರ್ಯಾಕ್ ಇತ್ತು. ಹೊಸಬರ ರೇಸಿಗೆ ಹೆಸರು ಕೊಟ್ಟೆ. ಬಾಡಿಗೆ ಬೈಕು, ಅಣ್ಣನ ಬೂಟು. ಗೆದ್ದೆ.

ಮುಂದಿನ ಮಳೆಗಾಲದ ಹೊತ್ತಿಗೆ ಜೂನಿಯರ್ ಗುಂಪಿಗೆ ಏರಿದ್ದೆ. ಅಲ್ಲಿ ನಾನೊಬ್ಬಳೇ ಹುಡುಗಿ. ಹೆಲ್ಮೆಟ್ ಹಾಕಿರುವ ತನಕ ಯಾರಿಗೂ ತಕರಾರಿಲ್ಲ. ತೆಗೆದರೆ ಎಲ್ಲರಿಗೂ ತಕರಾರು.

ಕ್ಲಬ್ಬಿನ ಕಾರ್ಯದರ್ಶಿ ಟೈರ್ ಅಂಗಡಿಯ ಸಾಹುಕಾರ. ವಿಜಾಪುರದವನು, ನಮ್ಮ ಭಾಷೆಯವನು. ಎಲ್ಲರೆದುರು ಮರಾಠಿ, ನಮ್ಮೆದುರು ಕನ್ನಡ.

"ಏ ಪೋರಿ, ಜೂನಿಯರ್ ಗೆದ್ದು ತೋರ್ಸು, ಬೈಕ್ ನಿಂದ" ಎಂದವನು ಅವನೇ. ನಮ್ಮವ ಕೊಟ್ಟ ಮಾತು ಎಂದು ಅಪ್ಪ ಓಣಿಗೆಲ್ಲ ಸಾರಿದ.

ಆ ರೇಸನ್ನೂ ಗೆದ್ದೆ. ಕೊನೆಯ ಸುತ್ತಿನ ತಿರುವಿನಲ್ಲಿ ಮುಂದಿದ್ದ ಹುಡುಗ ಬ್ರೇಕ್ ಹಿಡಿದ. ನಾನು ಹಿಡಿಯಲಿಲ್ಲ, ಅಷ್ಟೇ.

ಬಹುಮಾನದ ಹೊತ್ತು. ವೇದಿಕೆ ಹತ್ತುತ್ತೇನೆ. ಕಾರ್ಯದರ್ಶಿಯ ಹೆಂಡತಿ ತಟ್ಟೆ ಹಿಡಿದು ಬರುತ್ತಾಳೆ. ಹಣೆಗೆ ಅರಿಶಿನ, ಕುಂಕುಮ. ಮೈಕಿನಲ್ಲಿ ಅವನು ಮರಾಠಿಯಲ್ಲಿ ಸಾರುತ್ತಾನೆ: ಇವಳು ನಮ್ಮ ಮನೆಮಗಳು, ಇವಳಿಗೆ ಉಡಿ ತುಂಬುತ್ತೇವೆ!

ಮಗಳನ್ನು ತವರಿನಿಂದ ಕಳಿಸುವಾಗ ಸೆರಗಿಗೆ ತುಂಬುವುದು ಉಡಿ. ನನಗೆ ಸೆರಗೆಲ್ಲಿ? ನನ್ನ ಮೈಮೇಲಿದ್ದದ್ದು ಕೆಸರು ಮೆತ್ತಿದ ಅಂಗಿ. ಹಿಂದೆ ಸರಿದೆ.

ಕೆಳಗಿನಿಂದ ಅವ್ವ ಕೂಗಿದಳು. "ಉಡಿ ಬ್ಯಾಡ ಅನಬಾರದವ್ವಾ! ಅಂಗೀನೇ ಒಡ್ಡು."

ಒಡ್ಡಿದೆ.

ನಮ್ಮ ಹೆಂಗಸರು ಹಸಿದಿದ್ದಾಗಲೂ ಕೂಳು ಬೇಡ ಎಂದಾರು, ಉಡಿ ಬೇಡ ಎನ್ನಲಾರರು. ಅದು ಅವನಿಗೆ ಗೊತ್ತಿತ್ತು. ನಮ್ಮವನೇ ಅಲ್ಲವೇ!

ಅಂಗಿಯ ತುದಿಯನ್ನು ಎರಡೂ ಕೈಯಲ್ಲಿ ಹಿಡಿದು, ಅಕ್ಕಿ ಚೆಲ್ಲದ ಹಾಗೆ ನಿಂತಿದ್ದೇನೆ. ಅಷ್ಟರಲ್ಲಿ ಬೈಕಿನ ಕೀಲಿ, ರೇಸಿನಲ್ಲಿ ಎರಡನೆಯವನಾಗಿ ಬಂದ ಹುಡುಗನ ಕೈಗೆ ಹೋಯಿತು. ಚಪ್ಪಾಳೆ.

ಮರುವಾರ ಅವ್ವನ ಜೊತೆ ಟೈರ್ ಅಂಗಡಿಗೆ ಹೋದೆ. ಅವನು ನಕ್ಕ.

"ಉಡಿ ತುಂಬಿ ಖುಷಿಲೆ ಕಳಿಸೇವಲ್ಲ ತಂಗೆವ್ವಾ. ಇಕಿನೂ ಎಲ್ಲಾರ ಮುಂದ ತಗೊಂಡಾಳ. ಮತ್ತೇನ್ ಲಫಡಾ? ನಾಳೆ ಮದುವಿ ಆಗಿ ಹೋಗಾಕಿಗೆ ಬೈಕ್ ಯಾಕ?"

ಅವ್ವ ಕೇಳಿದಳು:

"ಉಡಿ ತುಂಬಿಸ್ಕೊಂಡು ಹೋದ ಮಗಳು ನಾಗರ ಪಂಚಮಿಗಿ ತವರಿಗಿ ಬರ್ತಾಳ್ರಿ ಸಾವ್ಕಾರ. ನನ್ನ ಮಗಳಿಗಿ ಯಾವಾಗ ಕರಸ್ತೀರಿ?"

"ಅಗದಿ ಛಲೋ ಮಾತು ಕಲ್ತೀರಿ ಬಿಡ್ರಿ. ಚಾ ಕುಡ್ದು ಹೋಗ್ರಿ" ಎಂದ. ಅವ್ವ ಚಹಾ ಮುಟ್ಟಲಿಲ್ಲ.

ಉಡಿಯ ಅಕ್ಕಿಯನ್ನು ಹೊರಗೆ ಹಾಕುವಂತಿಲ್ಲ, ಮನೆಮಂದಿಯೇ ಉಣ್ಣಬೇಕು. ಅವ್ವ ಬೇಯಿಸಿದಳು. ಅಪ್ಪ ತಾಟಿನ ಮುಂದೆ ಕೂತು, ಉಣ್ಣದೆ ಎದ್ದು ಹೋದ.

ಪಂಚಮಿ ಬಂತು, ಹೋಯಿತು. ಟ್ರ್ಯಾಕಿನ ಗೇಟಿನಲ್ಲಿ ಕಾವಲುಗಾರ ತಡೆದ. ಲೇಡೀಸ್ ರೇಸ್ ಇಟ್ಟಾಗ ಬಾ ಎಂದ. ಇಡಲೇ ಇಲ್ಲ.

ನಾನು ಅವ್ವನ ಪಕ್ಕ ಈರುಳ್ಳಿ ಆರಿಸಲು ಕೂತೆ. ಅಲ್ಲಿಂದ ಹಮಾಲರ ಸಂಘ, ಮೋರ್ಚಾ, ಲಾಠಿ. ಎಷ್ಟೋ ಗೇಟುಗಳ ಮುಂದೆ ಘೋಷಣೆ ಕೂಗಿದ್ದೇನೆ, ಕೆಲವು ತೆರೆದವು. ಬೈಕ್ ಮಾತ್ರ ಮತ್ತೆ ಹತ್ತಲಿಲ್ಲ. ರಸ್ತೆಯಲ್ಲಿ ಆ ಸದ್ದು ಕೇಳಿದರೆ ಇಂದಿಗೂ ಬಲಗೈ ತನ್ನಷ್ಟಕ್ಕೆ ತಿರುಗುತ್ತದೆ...

ಈಗ ಯಾಕೆ ಬರೆಯುತ್ತಿದ್ದೇನೆ ಎಂದರೆ, ಮೊನ್ನೆ ಅದೇ ಕ್ಲಬ್ಬಿನ ಬ್ಯಾನರ್ ಕಂಡೆ. ಮೇಲೆ ಎಮಿರೇಟ್ಸ್ ದೇಶದ ಹುಡುಗಿಯೊಬ್ಬಳ ದೊಡ್ಡ ಫೋಟೊ. ಸಣ್ಣವಳಿದ್ದಾಗಲೇ ಗೋ-ಕಾರ್ಟ್ ಹತ್ತಿ, ಈಗ ಜೂನಿಯರ್ ಕಾರ್ ರೇಸ್‌ಗಳಲ್ಲಿ ಮೇಲೇರುತ್ತಿರುವವಳಂತೆ. "ನಮ್ಮ ಹೆಣ್ಣುಮಕ್ಕಳೂ ಹೀಗಾಗಲಿ" ಎಂದು ಬರೆಸಿದ್ದಾರೆ.

ಕೆಳಗೆ ಬಹುಮಾನಗಳು. ಗೆದ್ದ ಹುಡುಗನಿಗೆ ತಂಡದಲ್ಲಿ ಜಾಗ. ಗೆದ್ದ ಹುಡುಗಿಗೆ ವಿಶೇಷ ಸತ್ಕಾರ.

ಆ ಪರದೇಶದ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ. ಅವಳಿಗೆ ಯಾರೋ ಗಾಡಿ ಕೊಟ್ಟರು, ಅವಳು ಓಡಿಸಿದಳು. ಆಗಬೇಕಾದ್ದು ಅಷ್ಟೇ. ಅವಳ ಫೋಟೊ ಅಂಟಿಸಿಕೊಂಡು ನಮ್ಮ ಮಕ್ಕಳನ್ನು ಸತ್ಕಾರ ಮಾಡಿ ಮನೆಗೆ ಅಟ್ಟುವವರ ಮೇಲೆ ಸಿಟ್ಟು.

ನಮ್ಮ ಓಣಿಯ ರೇಣುಕಾ ಈ ರೇಸಿಗೆ ಹೆಸರು ಕೊಟ್ಟಿದ್ದಾಳೆ. ಗೌಂಡಿ ಕೆಲಸದವರ ಮಗಳು. ಅವಳು ಓಡಿಸುವುದನ್ನು ನೋಡಿದ್ದೇನೆ. ಗೆಲ್ಲುತ್ತಾಳೆ.

ಅದೇ ನನ್ನ ಹೆದರಿಕೆ.

ಹುಡುಗಿ ಗೆದ್ದರೆ ತಂಡದ ಜಾಗ ಹುಡುಗಿಗೇ ಎಂದು ಬ್ಯಾನರಿನ ಮೇಲೆ ಬರೆಸದೆ ಆ ರೇಸ್ ನಡೆಯಕೂಡದು. ಸಭೆ ಈ ಭಾನುವಾರ, ಬೆಳಿಗ್ಗೆ ಹತ್ತು ಗಂಟೆಗೆ, ಮಾರ್ಕೆಟ್ ಯಾರ್ಡಿನ ಈರುಳ್ಳಿ ಶೆಡ್ಡಿನಲ್ಲಿ. ಯಾರ್ಯಾರು ಬರುತ್ತೀರಿ?