ಈಜು ಬರುತ್ತಿತ್ತೇ ಎಂದು ಕೇಳಿದಾಗ

ವೇಲಿಗೆ ಎರಡೂ ಹೆಗಲ ಮೇಲೆ ಪಿನ್ ಹಾಕಿತ್ತು. ಎಡಗಡೆಯದು ದೊಡ್ಡದು, ಬಲಗಡೆಯದು ಚಿಕ್ಕದು. ವರದಿಯ ಎರಡನೆಯ ಪುಟದಲ್ಲಿ, ದೇಹದ ಮೇಲಿದ್ದ ವಸ್ತುಗಳ ಪಟ್ಟಿಯಲ್ಲಿ, ಅದನ್ನು ಹಾಗೆಯೇ ಬರೆದಿದ್ದರು. ಪಿನ್ನಿನ ಅಳತೆಯನ್ನೂ ಬಿಡದೆ ಬರೆದವರು ಉಳಿದದ್ದನ್ನೂ ಸರಿಯಾಗಿಯೇ ಬರೆದಿರಬೇಕು ಎಂದು ಮೊದಲ ಸಲ ಓದಿದಾಗ ನನಗೆ ಅನ್ನಿಸಿತು.

ಅದು ನನ್ನ ಚಿಕ್ಕಮ್ಮನ ಸಾವಿನ ವರದಿ. ಅಮ್ಮನ ತಂಗಿ. ಅರಕಲಗೂಡಿನ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದಳು. ಹೊಳೆನರಸೀಪುರದ ಮನೆಯಲ್ಲಿ ಅಜ್ಜಿಯ ಜೊತೆ ಇದ್ದುಕೊಂಡು ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ಮದುವೆಯಾಗಿರಲಿಲ್ಲ. ದಸರಾ ರಜೆಯಲ್ಲಿ, ಬುದ್ಧನ ಹಳೆಯ ವಿಹಾರಗಳನ್ನು ನೋಡಬೇಕೆಂದು, ಜಿಲ್ಲೆಯ ಬೇರೆ ಬೇರೆ ಶಾಲೆಗಳ ಶಿಕ್ಷಕರ ಗುಂಪಿನೊಡನೆ ಸಮುದ್ರದಾಚೆಯ ಒಂದು ದೇಶಕ್ಕೆ ಹೋದಳು. ಆ ದೇಶದ ಹೆಸರನ್ನು ನಮ್ಮ ಮನೆಯಲ್ಲಿ ಈಗ ಯಾರೂ ಎತ್ತುವುದಿಲ್ಲ. ನಾನೂ ಬರೆಯುವುದಿಲ್ಲ. ಐದನೆಯ ದಿನ ಬೆಳಿಗ್ಗೆ, ಇಳಿದುಕೊಂಡಿದ್ದ ಹೋಟೆಲಿನ ಹಿಂದಿನ ಕಡಲಿನಲ್ಲಿ ಅವಳ ದೇಹ ಸಿಕ್ಕಿತು.

ದೇಹ ಬಂದು, ಬೌದ್ಧರ ತ್ರಿಸರಣ ಹೇಳಿ ಮಣ್ಣು ಮಾಡಿದ ಮೂರು ವಾರಕ್ಕೆ ಅಲ್ಲಿನ ಪೊಲೀಸರ ವರದಿ ಬಂತು. ಇಂಗ್ಲಿಷಿನಲ್ಲಿತ್ತು. ಭಾನುವಾರ ಹಾಸನದಿಂದ ಹೋಗಿ, ಅಜ್ಜಿಯ ಮನೆಯ ನಡುಮನೆಯಲ್ಲಿ ಕುಳಿತು ಕನ್ನಡದಲ್ಲಿ ಓದಿ ಹೇಳಿದೆ. ಅಜ್ಜಿ, ಅಮ್ಮ, ಪಕ್ಕದ ಮನೆಯಲ್ಲೇ ಇರುವ ಸೋದರಮಾವ ಕೂತಿದ್ದರು. ಬಾಗಿಲಲ್ಲಿ ಕೇರಿಯ ನಾಲ್ಕೈದು ಜನ ನಿಂತಿದ್ದರು. ವರದಿಯ ಪ್ರಕಾರ ಚಿಕ್ಕಮ್ಮ ಬೆಳಗಿನ ಐದೂವರೆಗೆ ಒಬ್ಬಳೇ ದಡಕ್ಕೆ ಹೋಗಿದ್ದಳು. ಚಪ್ಪಲಿ ಬಿಟ್ಟು ಪಾದ ನೆನೆಸಲು ಇಳಿದಾಗ ಅಲೆ ಎಳೆದುಕೊಂಡಿತ್ತು. ಈಜು ಬಾರದ ಕಾರಣ ಮುಳುಗಿದ್ದಳು. ಕಿವಿಯ ಹಿಂದಿನ ಗಾಯ ಬಂಡೆ ತಗುಲಿ ಆದದ್ದು. ಅನುಮಾನಕ್ಕೆ ಎಡೆಯಿಲ್ಲ.

ಈಜಿನ ವಾಕ್ಯದ ಮೊದಲಿಗೆ ಇನ್ನೊಂದು ತುಂಡು ಇತ್ತು: ಕುಟುಂಬದವರು ದೂರವಾಣಿಯಲ್ಲಿ ದೃಢಪಡಿಸಿರುವಂತೆ. ಅದನ್ನು ನಾನು ಓದಲಿಲ್ಲ. ಉದ್ದವಾಯಿತೆಂದು ಬಿಟ್ಟೆ, ಅಷ್ಟೆ. ಬಿಡುವ ಗಳಿಗೆಯಲ್ಲಿ ಬೇರೆ ಕಾರಣವಿರಲಿಲ್ಲ. ಕಾರಣ ಬಂದದ್ದು ಒಂದು ನಿಮಿಷದ ನಂತರ.

ಅಜ್ಜಿ ಕೇಳಿದಳು, "ಈಜ್ ಬರ್ದಾ? ನನ್ ಮಗ್ಳಿಗಾ? ಯಾವನವ್ವ ಅಂಗಂದೋನು?"

ಮಾವ ಎದ್ದು ನಿಂತಿದ್ದ. ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಬಾಗಿಲಲ್ಲಿದ್ದ ಹೆಂಗಸರೆಲ್ಲ ಒಟ್ಟಿಗೆ ಮಾತಾಡತೊಡಗಿದರು. ನನಗೆ ಗೊತ್ತಿರದ ಒಂದು ಸಂಗತಿ ಅವರೆಲ್ಲರಿಗೂ ಗೊತ್ತಿತ್ತು. ಹಿಂದೆ ಹೇಮಾವತಿಯಲ್ಲಿ ಮೆಟ್ಟಿಲಿದ್ದ, ಮೊಣಕಾಲುದ್ದ ನೀರಿದ್ದ ಜಾಗಕ್ಕೆ ನಮ್ಮ ಕೇರಿಯವರು ಇಳಿಯುವಂತಿರಲಿಲ್ಲ. ನಮ್ಮವರ ಜಾಗ ಕೆಳಗಿನ ಮಡು. ಎರಡು ಹೆಜ್ಜೆ ಇಟ್ಟರೆ ಕಾಲಿಗೆ ನೆಲ ಸಿಗುತ್ತಿರಲಿಲ್ಲ. ಹಾಗಾಗಿ ಕೇರಿಯ ಮಕ್ಕಳಿಗೆ, ಹೆಣ್ಣು ಗಂಡು ಅನ್ನದೆ, ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿ ಈಜು ಕಲಿಸುತ್ತಿದ್ದರು. ಬಟ್ಟೆ ಒಗೆಯಲು ಕಳಿಸಬೇಕಾದರೆ ಅದು ಬರಲೇಬೇಕಿತ್ತು. ಅಮ್ಮನಿಗೂ ಬರುತ್ತಿತ್ತು. ಚಿಕ್ಕಮ್ಮ ಮಳೆಗಾಲದಲ್ಲೂ ಆಚೆ ದಡ ಮುಟ್ಟಿ ಬರುತ್ತಿದ್ದಳಂತೆ.

ನಾನು ಬೆಳೆದದ್ದು ಹಾಸನದಲ್ಲಿ, ಅಪ್ಪನ ಕ್ವಾರ್ಟರ್ಸಿನಲ್ಲಿ, ನಲ್ಲಿ ನೀರಿನಲ್ಲಿ. ಮಡುವಿನ ಮಾತನ್ನು ಅಮ್ಮನಾಗಲಿ ಚಿಕ್ಕಮ್ಮನಾಗಲಿ ನನ್ನೆದುರು ಒಮ್ಮೆಯೂ ಆಡಿರಲಿಲ್ಲ. ಈಜಿನ ಮಾತು ಬಂದರೆ, ಆ ಮೆಟ್ಟಿಲಿನ ಮಾತೂ ಬರುತ್ತಿತ್ತು. ಎರಡನ್ನೂ ಸೇರಿಸಿ ನನ್ನಿಂದ ದೂರ ಇಟ್ಟಿದ್ದರು.

ಅವಳು ಸತ್ತ ದಿನ ಮಧ್ಯಾಹ್ನ ಅಲ್ಲಿನ ಪೊಲೀಸರ ಫೋನ್ ಬಂದಿತ್ತು. ನಾನು ಹಾಸನದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ, ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ಸುದ್ದಿ ಗೊತ್ತಾಗಿ ಎರಡು ಗಂಟೆಯಾಗಿತ್ತು. ಅಜ್ಜಿಯ ಮನೆ ತುಂಬ ಜನ, ಅಳು. ಯಾರ ಫೋನೆಂದು ಯಾರೂ ಕೇಳಲಿಲ್ಲ. ನಮ್ಮ ಮನೆಯಲ್ಲಿ ಇಂಗ್ಲಿಷಿನಲ್ಲಿ ಬಂದದ್ದೆಲ್ಲ ನನ್ನ ಕೈಗೇ ಬರುತ್ತದೆ. ಬ್ಯಾಂಕಿನ ಪತ್ರ, ಔಷಧಿ ಚೀಟಿ, ಮೊಬೈಲಿನ ಸಂದೇಶ, ಎಲ್ಲವೂ. ಯಾರನ್ನೂ ಕೇಳದೆ ಉತ್ತರಿಸುವುದು ನನಗೆ ರೂಢಿಯಾಗಿಬಿಟ್ಟಿತ್ತು. ಆ ಕಡೆ ಒಬ್ಬ ಮಹಿಳಾ ಅಧಿಕಾರಿ, ತುಂಬ ಸೌಜನ್ಯದ ದನಿ. ವಯಸ್ಸು, ಕಾಯಿಲೆ, ಮಾತ್ರೆ, ಮನಸ್ಸಿಗೆ ಏನಾದರೂ ಚಿಂತೆ ಇತ್ತೇ ಎಂದು ಒಂದೊಂದಾಗಿ ಕೇಳಿದರು. ಕೊನೆಗೆ ಈಜು ಬರುತ್ತಿತ್ತೇ ಎಂದರು. ಇಲ್ಲ ಎಂದೆ.

ಯೋಚಿಸಲೇ ಇಲ್ಲ. ಅವಳನ್ನು ನಾನು ಚೂಡಿದಾರದಲ್ಲಿ, ಪಿನ್ ಹಾಕಿದ ವೇಲಿನಲ್ಲಿ, ಊಟದ ಡಬ್ಬಿ ಇಟ್ಟ ಬ್ಯಾಗಿನೊಂದಿಗೆ ಮಾತ್ರ ನೋಡಿದ್ದೆ. ಅಮ್ಮ ನನ್ನಿಂದ ಎರಡು ಮಾರು ದೂರದಲ್ಲಿ ಕೂತಿದ್ದಳು. ತಿರುಗಿ ಕೇಳಿದ್ದರೆ ಮುಗಿಯುತ್ತಿತ್ತು. ಮಾಹಿತಿ ಇಲ್ಲದ ಕಡೆ ಊಹಿಸಿ ತುಂಬಬೇಡಿ, ಖಾಲಿ ಬಿಡಿ ಎಂದು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೇನೋ.

ಆ ಭಾನುವಾರ ನಾನು ಬಾಯಿ ಬಿಡಲಿಲ್ಲ. ಆಮೇಲೆ ದಿನ ಕಳೆದಂತೆ ಬಾಯಿ ಬಿಡುವುದು ಕಷ್ಟವಾಯಿತು.

ಊರು ಆ ವರದಿಯನ್ನು ಒಂದು ದಿನವೂ ನಂಬಲಿಲ್ಲ. ಹೊಳೆನರಸೀಪುರದಿಂದ ಹಾಸನಕ್ಕೆ ಬರುವ ಬಸ್ಸಿನಲ್ಲಿ ಒಮ್ಮೆ ನನ್ನ ಹಿಂದಿನ ಸೀಟಿನಲ್ಲಿ ಇಬ್ಬರು ಗಂಡಸರು ಅದನ್ನೇ ಮಾತಾಡುತ್ತಿದ್ದರು. ನಾನು ಯಾರೆಂದು ಅವರಿಗೆ ಗೊತ್ತಿರಲಿಲ್ಲ.

"ಅಲ್ಲ ಕಣ್ಲಾ, ಒಳೆ ದಡದಲ್ಲಿ ಉಟ್ಟೋಳು ಮುಳುಗ್ತಾಳಾ? ಟೂರಿಗೆ ಬಂದೋರು ಸತ್ರೆ ಓಟ್ಲು ವ್ಯಾಪಾರ ಕೆಡ್ತದೆ. ಅದ್ಕೇ ಮುಚ್ಚಾಕವ್ರೆ. ಪೊಲೀಸ್ನೋರು ಎಲ್ಲೋದ್ರೂ ಪೊಲೀಸ್ನೋರೇ."

ಇನ್ನೊಬ್ಬ ಅಂದ, "ಅದ್ಸರಿ, ಮದ್ವೆ ಇಲ್ದೋಳು ಅಷ್ಟೊತ್ತಾರೆ ಎದ್ದು ಯಾರ್ನ ನೋಡಕ್ಕೋಗಿದ್ಲು?"

ಇಬ್ಬರೂ ಸಣ್ಣಗೆ ನಕ್ಕರು. ನಾನು ತಿರುಗಲಿಲ್ಲ. ಪೊಲೀಸರನ್ನು ನಂಬದವರು ಅವಳನ್ನೂ ನಂಬುತ್ತಿರಲಿಲ್ಲ. ಅವಳು ಬದುಕಿದಷ್ಟು ದಿನ ಐದಕ್ಕೇ ಎದ್ದವಳು, ಎಲ್ಲಿದ್ದರೂ ಬೆಳಗಾಗುವುದನ್ನು ನಿಂತು ನೋಡುವವಳು. ಅದನ್ನು ಬಸ್ಸಿನಲ್ಲಿ ಯಾರಿಗೆ ಹೇಳುವುದು?

ಅವಳ ಸಾಮಾನು ತರಲು ಅರಕಲಗೂಡಿನ ಶಾಲೆಗೆ ಹೋದೆ. ಬೀರುವಿನಲ್ಲಿ ಮರದ ಕೈವಾರ, ಬಣ್ಣದ ಸೀಮೆಸುಣ್ಣ, ಒಂದು ಸಣ್ಣ ಡಬ್ಬಿ ತುಂಬ ಪಿನ್ನುಗಳಿದ್ದವು. ಹತ್ತನೆಯ ತರಗತಿಯ ಹುಡುಗಿಯರು ಸುತ್ತ ನಿಂತರು. ದೋಣಿ ಮತ್ತು ಪ್ರವಾಹದ ಲೆಕ್ಕ ಹೇಳಿಕೊಡುವಾಗ ಮಿಸ್ಸು ನೀರಿನ ಸೆಳೆತಕ್ಕೆ ಎದುರಾಗಿ ಈಜಬಾರದು, ಓರೆಯಾಗಿ ಈಜಬೇಕು ಎನ್ನುತ್ತಿದ್ದರು ಎಂದು ಒಬ್ಬಳು ಹೇಳಿದಳು. "ಮೇಜಿನ್ ಮೇಲೆ ಕೈಲೇ ಈಜಿ ತೋರ್ಸೋರು ಮೇಡಂ." ಆ ತರಗತಿಯ ಮಕ್ಕಳಿಗೆಲ್ಲ ಗೊತ್ತಿದ್ದದ್ದು ನನಗೊಬ್ಬಳಿಗೆ ಗೊತ್ತಿರಲಿಲ್ಲ.

ಆ ಸಂಜೆ ಅಲ್ಲಿನ ಪೊಲೀಸರಿಗೆ ಇಮೇಲ್ ಬರೆದೆ. ನಾನು ತಪ್ಪು ಹೇಳಿದ್ದೆ, ಆಕೆಗೆ ಚೆನ್ನಾಗಿ ಈಜು ಬರುತ್ತಿತ್ತು, ದಯವಿಟ್ಟು ಗಾಯದ ವಿಷಯವನ್ನು ಇನ್ನೊಮ್ಮೆ ನೋಡಿ ಎಂದು ಬರೆದೆ. ಒಂಬತ್ತು ದಿನದ ಮೇಲೆ ಉತ್ತರ ಬಂತು. ದುಃಖದಲ್ಲಿ ತಾವೂ ಭಾಗಿಗಳು, ಕಡತ ಮುಕ್ತಾಯವಾಗಿದೆ, ಕುಟುಂಬವು ಘಟನೆಯ ದಿನ ನೀಡಿದ ಹೇಳಿಕೆಯೇ ದಾಖಲೆಯಲ್ಲಿ ಉಳಿಯುತ್ತದೆ. ಮೂರು ವಾಕ್ಯ. ಅದನ್ನೂ ನಾನು ಯಾರಿಗೂ ತೋರಿಸಲಿಲ್ಲ.

ಅಷ್ಟರಲ್ಲಿ ಊರು ತನ್ನ ಪ್ರಶ್ನೆಗೆ ಉತ್ತರ ಹುಡುಕಿಕೊಂಡಿತ್ತು. ಈಜು ಬರುವುದಿಲ್ಲವೆಂದು ಪೊಲೀಸರಿಗೆ ಹೇಳಿದವರು ಯಾರು? ಅಲ್ಲಿ ಚಿಕ್ಕಮ್ಮನ ಕೋಣೆಯಲ್ಲಿ ಜೊತೆಗಿದ್ದ ಚನ್ನರಾಯಪಟ್ಟಣದ ಶಿಕ್ಷಕಿ. ಬೇರೆ ಯಾರಿರಲು ಸಾಧ್ಯ? ಪ್ರವಾಸದ ಗುಂಪಿನ ಫೋಟೋದಲ್ಲಿ ಆಕೆಯ ಮುಖಕ್ಕೆ ಕೆಂಪು ಸುತ್ತು ಹಾಕಿ ಯಾರೋ ವಾಟ್ಸಾಪಿಗೆ ಬಿಟ್ಟರು. ನನ್ನ ಮೊಬೈಲಿಗೂ ನಾಲ್ಕು ಕಡೆಯಿಂದ ಬಂತು. ಮಾವ ಮರುತನಿಖೆಗೆ ಒತ್ತಾಯಿಸಬೇಕೆಂದು ಸರ್ಕಾರಕ್ಕೆ ಒಂದು ಅರ್ಜಿ ಸಿದ್ಧಮಾಡಿದ. ಹಾಸನಕ್ಕೆ ಹೋಗಿ ಕೊಡುವುದೆಂದು ತೀರ್ಮಾನವಾಯಿತು. ಅವನು ಹೇಳುತ್ತ ಹೋದ, ನಾನು ಟೈಪ್ ಮಾಡುತ್ತ ಹೋದೆ. ಮೂರನೆಯ ಅಂಶ: ಮೃತರಿಗೆ ಈಜು ಬಾರದೆಂದು ಸುಳ್ಳು ಹೇಳಿಕೆ ನೀಡಿದ ಸಹಪ್ರವಾಸಿ ಶಿಕ್ಷಕಿಯ ಪಾತ್ರವನ್ನು ವಿಚಾರಣೆಗೆ ಒಳಪಡಿಸಬೇಕು. ಟೈಪ್ ಮಾಡಿ, ಕಾಗುಣಿತ ಸರಿಯಿದೆಯೇ ಎಂದು ಎರಡು ಸಲ ನೋಡಿದೆ.

ಕೊಡುವ ಹಿಂದಿನ ದಿನ, ಭಾನುವಾರ, ಆಕೆಯ ಬಾಯಿಂದಲೇ ಕೇಳಿಬಿಡೋಣವೆಂದು ಮಾವ ನನ್ನನ್ನು ಚನ್ನರಾಯಪಟ್ಟಣಕ್ಕೆ ಕರೆದುಕೊಂಡು ಹೋದ. ಆಕೆ ಗೇಟಿನಲ್ಲೇ ನಿಲ್ಲಿಸಬಹುದಿತ್ತು, ನಿಲ್ಲಿಸಲಿಲ್ಲ. ಒಳಗೆ ಕರೆದು ಕಾಫಿ ಕೊಟ್ಟರು. ಮಾವ ಲೋಟ ಮುಟ್ಟಲಿಲ್ಲ.

"ನಂಗೇನ್ ಗೊತ್ತು ಸರ್ ಅವರಿಗೆ ಈಜು ಬರ್ತಿತ್ತೋ ಇಲ್ವೋ ಅಂತ. ಐದು ದಿವ್ಸದ ಪರಿಚಯ" ಎಂದರು. "ಪೊಲೀಸ್ನೋರು ನನ್ನ ಮುಂದೇನೇ ಊರಿಗೆ ಫೋನ್ ಮಾಡಿದ್ರು. ಯಾರೋ ಹುಡುಗಿ ಮಾತಾಡಿದ್ಲು. ಮನೆಯವರೇ ಹೇಳಿದ್ರು ಅಂತ ಬರ್ಕೊಂಡ್ರು."

ಮಾವ ಅಂದ, "ನಮ್ಮನೇಲಿ ಯಾರ್ ಏಳ್ತಾರೆ ಮೇಡಂ ಅಂಗೆ? ನಾವೆಲ್ಲ ಒಂದೇ ಮಡೂಲಿ ಈಜು ಕಲ್ತೋರು. ಸುಳ್ ಏಳಕ್ಕೂ ಒಂದ್ ಮಿತಿ ಇರ್ಬೇಕು."

ಆಕೆ ನನ್ನ ಕಡೆ ನೋಡಿದರು. ಕೇಳುವಂತಿರಲಿಲ್ಲ ಆ ನೋಟ, ಗುರುತು ಹಿಡಿದಂತಿತ್ತು. ನಾನು ಲೋಟದ ಅಂಚಿನಲ್ಲಿ ಕಟ್ಟಿದ್ದ ಕೆನೆಯನ್ನು ನೋಡುತ್ತ ಕೂತೆ. ಗೇಟಿನವರೆಗೆ ಬಂದು ಆಕೆ ಮೆಲ್ಲಗೆ, ತಮ್ಮ ಶಾಲೆಗೆ ಪೋಷಕರು ಬಂದು ಈ ಮೇಡಂ ನಮ್ಮ ಮಕ್ಕಳಿಗೆ ಬೇಡ ಎಂದು ಬರೆದುಕೊಟ್ಟಿದ್ದಾರೆ ಎಂದರು. ಯಾರಿಗೆ ಹೇಳಿದ್ದೆಂದು ತಿಳಿಯಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಮಾವ, "ನೀನಿಲ್ದಿದ್ರೆ ಇದ್ನೆಲ್ಲ ಓದಿ ಏಳಕ್ಕೆ ನಮ್ಗ್ಯಾರಿದ್ರವ್ವ" ಎಂದ. ಆಮೇಲೆ ಕಿಟಕಿಗೆ ತಲೆಯಿಟ್ಟು ನಿದ್ದೆ ಮಾಡಿದ.

ಹೊಳೆನರಸೀಪುರ ತಲುಪಿದಾಗ ಇನ್ನೂ ಬೆಳಕಿತ್ತು. ಅಜ್ಜಿ ಜಗಲಿಯ ಮೇಲೆ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದಳು. ಎದುರಿಗೆ ಕೂತೆ. ಈಜು ಬರುವುದಿಲ್ಲ ಎಂದವಳು ನಾನು ಎಂದೆ. ಫೋನ್ ಬಂದದ್ದು, ಓದುವಾಗ ಬಿಟ್ಟದ್ದು, ಇಮೇಲಿಗೆ ಬಂದ ಉತ್ತರ, ಎಲ್ಲವನ್ನೂ ನಡೆದ ಕ್ರಮದಲ್ಲೇ ಹೇಳಿದೆ.

ಅಜ್ಜಿಯ ಬೆರಳುಗಳು ನಿಂತವು. ಆಮೇಲೆ ಅಂದಳು, "ಒಂದ್ ಮಾತು ನನ್ ಕೇಳ್ಬಾರ್ದಾಗಿತ್ತಾ?"

ಸೆರಗಿನಿಂದ ಕೈ ಒರೆಸಿಕೊಂಡು ಮತ್ತೆ ಕೇಳಿದಳು.

"ಬತ್ತದೆ ಅಂದಿದ್ರೆ ಉಡುಕ್ತಿದ್ರಾ ಅವ್ರು? ಯಾರಾರ ತಳ್ಳಿದ್ರಾ, ಒಡೆದ್ರಾ ಅಂತ ನೋಡ್ತಿದ್ರಾ?"

"ಗೊತ್ತಿಲ್ಲ ಅಜ್ಜಿ."

"ಇವತ್ ಗೊತ್ತಿಲ್ಲ ಅಂತೀಯ" ಎಂದಳು. ಬೈಗುಳ ಇರಲಿಲ್ಲ ಆ ದನಿಯಲ್ಲಿ, ಸುಸ್ತಿತ್ತು. ಮತ್ತೆ ಕಾಯಿ ಸುಲಿಯತೊಡಗಿದಳು. ಸಿಪ್ಪೆಯನ್ನು ಮೊರಕ್ಕೂ ಕಾಳನ್ನು ನೆಲಕ್ಕೂ ಹಾಕುತ್ತಿದ್ದಳು. ನಾನು ಕಾಳನ್ನು ಒಂದೊಂದಾಗಿ ಆರಿಸಿ ಮೊರಕ್ಕೆ ಹಾಕಿದೆ. ಅವಳು ತಡೆಯಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ಮಗಳು ಹೇಗೆ ಸತ್ತಳು ಎಂಬುದು ಆ ಮನೆಗೆ ಇನ್ನು ತಿಳಿಯುವುದಿಲ್ಲ. ಎಲ್ಲವನ್ನೂ ಸರಿಯಾಗಿ ಹೇಳಿದ್ದರೂ ತಿಳಿಯುತ್ತಿರಲಿಲ್ಲವೇನೋ. ಆ "ಏನೋ" ಉಳಿದದ್ದು ನನ್ನಿಂದ.

ಮರುದಿನ ಬೆಳಿಗ್ಗೆ ಐದಕ್ಕೆ ಎದ್ದು, ಬಿಳಿ ಹಾಳೆಯಲ್ಲಿ ಒಂದೇ ವಿಷಯವನ್ನು ಎರಡು ಪ್ರತಿ ಬರೆದೆ. ಪೊಲೀಸರಿಗೆ ಆ ಮಾತು ಹೇಳಿದವಳು ನಾನು, ಮೃತಳ ಅಕ್ಕನ ಮಗಳು, ಜೊತೆಗಿದ್ದ ಶಿಕ್ಷಕಿಯಲ್ಲ. ಕೆಳಗೆ ಸಹಿ ಹಾಕಿದೆ. ಮಾವನಿಗೆ ಹಾಸನದ ಬಸ್ ನಿಲ್ದಾಣದಲ್ಲಿ ಸಿಗುತ್ತೇನೆಂದು ಹೇಳಿ ಚನ್ನರಾಯಪಟ್ಟಣದ ಬಸ್ ಹತ್ತಿದೆ. ಆಕೆ ಶಾಲೆಗೆ ಹೊರಟು ಗೇಟಿನಲ್ಲಿದ್ದರು. ಒಂದು ಪ್ರತಿ ಕೊಟ್ಟೆ. ನಿಂತಲ್ಲೇ ಓದಿದರು, ಮೊಬೈಲಿನಲ್ಲಿ ಅದರ ಫೋಟೋ ತೆಗೆದುಕೊಂಡರು, ಹಾಳೆಯನ್ನು ನಾಲ್ಕಾಗಿ ಮಡಿಸಿ ಬ್ಯಾಗಿಗೆ ಹಾಕಿಕೊಂಡರು. ರಸ್ತೆ ದಾಟಿ ಹೋದರು. ನಾನು ಹಾಸನದ ಬಸ್ಸಿಗೆ ಹೋಗಿ ಕೂತೆ. ಅರ್ಜಿಯ ಜೊತೆ ಕೊಡಬೇಕಿದ್ದ ಇನ್ನೊಂದು ಪ್ರತಿ ಕೈಯಲ್ಲಿತ್ತು. ಮಾವ ಅಲ್ಲಿ ಅರ್ಜಿ ಹಿಡಿದು ಕಾಯುತ್ತಿದ್ದ.