ಅರ್ಧಕ್ಕೆ ನಿಂತ ಬಾಲ

ಹಚ್ಚೆ ಹಾಕುವ ಕಸುಬಿಗೆ ಯಾವ ಋಷಿಯೂ ಶಾಸ್ತ್ರ ಬರೆದಿಟ್ಟಿರಲಿಲ್ಲವಾದ್ದರಿಂದ ಮೊದಲ ಸೂತ್ರವನ್ನು ನಾನೇ ರಚಿಸಿಕೊಳ್ಳಬೇಕಾಯಿತು: ಗಿರಾಕಿ ನಡುವೆ ಎದ್ದು ಓಡಿದರೂ ಮರ್ಯಾದೆ ಉಳಿಯುವಂಥ ಜಾಗದಿಂದಲೇ ಚಿತ್ರ ಆರಂಭಿಸತಕ್ಕದ್ದು. ಚೇಳಿಗೆ ಕೊಂಡಿಯಿಂದ, ನವಿಲಿಗೆ ಗರಿಯಿಂದ, ಹಣಮಪ್ಪನಿಗೆ ಬಾಲದಿಂದ. ಅರ್ಧ ಮುಖದ ದೇವರನ್ನು ತೋಳಿನ ಮೇಲೆ ಹೊತ್ತು ತಿರುಗುವವನನ್ನು ಊರು ಕ್ಷಮಿಸುವುದಿಲ್ಲ. ಅರ್ಧ ಬಾಲಕ್ಕಾದರೆ ನಾಲ್ಕು ಎಲೆ ಕೂಡಿಸಿದರೆ ಬಳ್ಳಿಯಾಗುತ್ತದೆ. ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಗಂಡಸರ ತೋಳಿನ ಮೇಲೆ ಎಲ್ಲಾದರೂ ಬಳ್ಳಿ ಕಂಡರೆ, ಪೂರ್ವಜನ್ಮದಲ್ಲಿ ಅದು ಹಣಮಪ್ಪನ ಬಾಲವಾಗಿತ್ತೆಂದು ತಿಳಿಯಲು ಅಡ್ಡಿಯಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ಆಳಂದದಲ್ಲಿ ಅಂಗಡಿಗಳ ಬೋರ್ಡು ಬರೆದುಕೊಂಡಿದ್ದವನು ನಾನು. ಒಂದು ಕಡೆ ಕೂತರೆ ಅಂಗಾಲು ತುರಿಸುವ ಜಾತಿ. ಸೋಲಾಪುರದಿಂದ ಹಚ್ಚೆಯ ಮಷೀನು ತಂದ ಮೇಲೆ ಈ ರೋಗಕ್ಕೆ ಉದ್ಯೋಗವೆಂಬ ಹೆಸರು ಸಿಕ್ಕಿತು. ಟ್ರಂಕು, ಛತ್ರಿ, ಒಂದು ಗೋಣಿತಾಟು, ಚಿತ್ರಗಳ ಹಲಗೆ ಇಷ್ಟನ್ನು ಬಸ್ಸಿನ ಮೇಲೆ ಹಾಕಿಕೊಂಡು ಸಂತೆಯಿಂದ ಸಂತೆಗೆ ಓಡುತ್ತಿದ್ದೆ. ಈ ಊರಲ್ಲಿ ಕೂತಾಗ ಆ ಊರಿನ ಚಿಂತೆ, ಆ ಊರು ಮುಟ್ಟಿದಾಗ ಮುಂದಿನ ಬಸ್ಸಿನ ಚಿಂತೆ. ಇನ್ನೊಬ್ಬರ ತೋಳು ಹಿಡಿದು ಎಡಗೈಯಿಂದ ಚರ್ಮ ಬಿಗಿದಾಗ ಮಾತ್ರ ನನ್ನ ಜೀವ ಒಂದೆಡೆ ನಿಲ್ಲುತ್ತಿತ್ತು.

ಸೂಜಿ ಮುಟ್ಟಿಸುವ ಮೊದಲು ಪೆನ್ನಿನಿಂದ ಚಿತ್ರ ಬರೆದು, ಗಿರಾಕಿಗೆ ಅವನ ಕೆಲಸ ಮಾಡಿ ತೋರಿಸಲು ಹೇಳುತ್ತಿದ್ದೆ. ಹಮಾಲನಾದರೆ ಚೀಲ ಎತ್ತಬೇಕು, ಹೆಣ್ಣುಮಗಳಾದರೆ ರೊಟ್ಟಿ ಬಡಿದಂತೆ ಕೈ ಆಡಿಸಬೇಕು. ಸುಮ್ಮನೆ ಚಾಚಿದ ಕೈ ಮೇಲೆ ಚಂದ ಕಂಡ ಗಿಣಿ, ಕೈ ಮಡಚಿದೊಡನೆ ಕೋಳಿಯಾದ ಪ್ರಸಂಗಗಳುಂಟು.

ಅಫಜಲಪುರದ ಸಂತೆಗೆ ಒಂದು ಬೇಸಿಗೆಯಲ್ಲಿ ಒಬ್ಬ ತಾಯಿ ತನ್ನ ಮಗನನ್ನು ಮುಂದೆ ಹಾಕಿಕೊಂಡು ಬಂದಳು. ಮಗ ಗರಡಿಯಲ್ಲಿ ತಾಲೀಮು ಮಾಡುವ ಪೈಲ್ವಾನ, ಬಾಗಿಲಿನಷ್ಟು ಅಗಲ. ತಾಯಿ ಬರಿಗಾಲಲ್ಲಿದ್ದಳು. ಕಾದ ನೆಲದ ಮೇಲೆ ಒಂದು ಕಾಲು ಇಟ್ಟು ಇನ್ನೊಂದು ಎತ್ತುತ್ತ ನಿಂತಿದ್ದಳು. ಕಂಕುಳಿನ ಕೈಚೀಲದಿಂದ ಮಾತ್ರ ಒಂದು ಜೊತೆ ಚಪ್ಪಲಿ ಇಣುಕುತ್ತಿತ್ತು.

"ಹರಕಿ ಅದರಿ," ಎಂದಳು, ನಾನು ಚೀಲ ನೋಡಿದ್ದನ್ನು ನೋಡಿ. "ಇವ ವಿಷಮಜ್ವರದಾಗ ಮಲಗಿದ್ದಾಗ ಬೇಡ್ಕೊಂಡೀನಿ. ಮಗ ಎದ್ದು ಕುಂತ್ರ ಅವನ ತೋಳಿಗೆ ಹಣಮಪ್ಪನ್ನ ಹಾಕಸ್ತೇನಿ, ಅಲ್ಲೀತನಕ ಚಪ್ಪಲ್ ಮೆಟ್ಟೂದಿಲ್ಲ ಅಂತ. ಇವ ಎದ್ದು ಕುಂತ, ಕುಸ್ತಿನೂ ಆಡಾಕತ್ತಾನ. ತೋಳು ಮಾತ್ರ ಕೊಡವೊಲ್ಲ."

ಪೈಲ್ವಾನ ಗಂಟಲು ಸರಿಪಡಿಸಿಕೊಂಡು ಧರ್ಮಸೂಕ್ಷ್ಮಕ್ಕಿಳಿದ.

"ಬಲಗೈಗೆ ಹಾಕ್ಸಿದ್ರ ಅದೇ ಕೈಲೆ ಮಟನ್ ಹೆಂಗ್ ತಿನ್ನಲಿ ಪೇಂಟರ್?"

"ಎಡಗೈಗೆ ಹಾಕೋಣ."

"ಎಡಗೈ ಮುಂಜಾನಿ ಬೈಲಕಡಿಗೆ ಚರಿಗಿ ಹಿಡ್ಯೂದಲ್ರಿ."

"ಎದಿಗೆ?"

"ಕುಸ್ತ್ಯಾಗ ಎದಿರಾಳಿ ಮೊಳಕಾಲು ಊರೂದೇ ಅಲ್ಲಿ."

"ಬೆನ್ನಿಗೆ?"

"ದೇವ್ರ ಮ್ಯಾಲ ಮಲ್ಕೊಬೇಕೇನ್ರಿ?"

ಇಷ್ಟು ಭಕ್ತಿಯುಳ್ಳವನ ಹಣೆಯಲ್ಲಿ ಅಷ್ಟು ಬೆವರೇಕೆಂದು ನೋಡಿದರೆ, ಅವನ ಕಣ್ಣು ಸೂಜಿಯನ್ನು ಬಿಟ್ಟು ಅತ್ತಿತ್ತ ಹೋಗಿರಲೇ ಇಲ್ಲ.

"ಶಾಸ್ತ್ರ ಸಾಕು ಮಾಡಲೇ, ಭಾಡ್ಯಾ," ಎಂದು ತಾಯಿ ಅವನ ಬಲಗೈ ಹಿಡಿದು ನನ್ನ ಕೈಗಿತ್ತಳು. ಕನ್ಯಾದಾನವನ್ನೂ ಅಷ್ಟು ಗಟ್ಟಿಯಾಗಿ ಯಾರೂ ಮಾಡಿರಲಾರರು.

ಸೂತ್ರದ ಪ್ರಕಾರ ಬಾಲದಿಂದ ಆರಂಭಿಸಿದೆ. ಬಾಲ ತೋಳಿನ ಅರ್ಧಕ್ಕೆ ಏರುವಷ್ಟರಲ್ಲಿ ಪೈಲ್ವಾನನ ಮುಖ ಸುಣ್ಣದಂತಾಯಿತು. "ಜರಾ ನೀರು ಕುಡ್ದು ಬರ್ತೇನಿ," ಎಂದು ಎದ್ದ. ಬಿಸಿಲು ಇಳಿಯಿತು, ಸಂತೆ ಕರಗಿತು, ಅವನು ಬರಲಿಲ್ಲ. ನೀರಿಗಾಗಿ ಭೀಮಾನದಿಗೇ ಹೋಗಿರಬೇಕೆಂದು ನಾನು ಟ್ರಂಕು ಮುಚ್ಚಿದೆ.

ತಾಯಿ ಹೋಗಿರಲಿಲ್ಲ. "ಬಾಲನೂ ಹಣಮಪ್ಪಂದೇ ಅಲ್ಲೇನ್ರಿ? ಹರಕಿ ಮುಟ್ಟಿದಂಗ ಆತೇನು?" ಎಂದು ಕೇಳಿದಳು.

ಲಂಕೆ ಸುಟ್ಟದ್ದೇ ಬಾಲ, ಬಾಲ ಬಂದರೆ ಹಣಮಪ್ಪ ಬಂದಂತೆಯೇ, ಚಪ್ಪಲಿ ಮೆಟ್ಟಲು ಯಾವ ಆಕ್ಷೇಪವೂ ಇಲ್ಲವೆಂದು ನಾನು ಮಠಾಧಿಪತಿಯ ಗತ್ತಿನಲ್ಲಿ ಅಪ್ಪಣೆ ಕೊಟ್ಟೆ. ಆಕೆ ನನ್ನನ್ನೂ ನನ್ನ ಟ್ರಂಕನ್ನೂ ನೋಡಿದಳು.

"ಬಸ್ಸಿನ ಅವಸರ ನಿಮಗದ. ಹಣಮಪ್ಪಗ ಇಲ್ಲ," ಎಂದು ಬರಿಗಾಲಲ್ಲೇ ನಡೆದಳು. ನಾಲ್ಕು ಹೆಜ್ಜೆ ಹೋಗಿ ತಿರುಗಿ, "ಅವ ಬಂದು ಎಲಿ ಬರೀರಿ ಅಂದ್ರ ಬರೀಬ್ಯಾಡ್ರಿ ಮತ್ತ. ನಿಮ್ಮ ಬಳ್ಳಿ ಸುದ್ದಿ ನಂಗ ಗೊತ್ತದ," ಎಂದಳು.

ಅಲ್ಲಿಂದ ನನ್ನ ನೆಮ್ಮದಿ ಕೆಟ್ಟಿತು. ನನ್ನ ಕೈಯಿಂದ ಅರ್ಧ ಹೊರಟ ಬಾಲವೊಂದು ತಾಲ್ಲೂಕು ತುಂಬ ಓಡಾಡಿಕೊಂಡಿದೆ, ಅದರ ಹಿಂದೆ ಒಂದು ಜೊತೆ ಬರಿಗಾಲು ಸುಟ್ಟುಕೊಳ್ಳುತ್ತಿದೆ. ಬಸ್ಸಿನಲ್ಲಿ ಕೂತರೆ ಕಿಟಕಿಯಾಚೆ ನಡೆದುಹೋಗುವವರ ಕಾಲುಗಳನ್ನೇ ನೋಡುತ್ತಿದ್ದೆ. ಬೋರ್ಡು ಬರೆಯುವಾಗಲೂ ಅಕ್ಷರಗಳ ಕೊನೆಗೆ ಬಾಲ ತಾನಾಗಿ ಬೆಳೆಯುತ್ತಿತ್ತು. ಆಳಂದದ ತೊಗರಿ ವ್ಯಾಪಾರಿಯೊಬ್ಬರು, "ಇದು ಅಂಗಡಿ ಏನು, ಗುಡಿ ಏನು?" ಎಂದು ಬೋರ್ಡನ್ನು ಅಳಿಸಿ ಬರೆಸಿದರು.

ಪೈಲ್ವಾನ ಸಿಕ್ಕಿದ್ದು ಜೇವರ್ಗಿಯಲ್ಲಿ, ಬಸ್ ಸ್ಟ್ಯಾಂಡಿನ ಗೋಡೆಯ ನೆರಳಿನಲ್ಲಿ. ಕುಸ್ತಿಗೆ ಬಂದಿದ್ದನಂತೆ.

"ಎಲಿ ಹಾಕ್ರಿ ಪೇಂಟರ್. ತಾಲೀಮ್ನ್ಯಾಗ ಎಲ್ಲಾರೂ 'ಏನ್ಲೇ, ಇಲಿ ಕಚ್ಕೊಂಡದೇನು ತೋಳಿಗೆ' ಅಂತಾರ."

"ಎಲಿ ಹಾಕಾಂಗಿಲ್ಲ. ನಿಮ್ಮವ್ವನ ಹುಕುಂ ಆಗ್ಯದ. ಹಣಮಪ್ಪ ಬಂದ್ರ ಹೆಂಗ ಕಾಣ್ತಾನ ಅಂತ ಬೇಕಾದ್ರ ಪೆನ್ನಿನಾಗ ತೋರಸ್ತೇನಿ. ಸೂಜಿ ಮುಟ್ಟೂದಿಲ್ಲ."

ಪೆನ್ನೆಂದರೆ ಅವನು ಸಿಂಹ. ಪಕ್ಕದವರ ಜೋಳದ ಚೀಲ ಎತ್ತಿಸಿ, ಸ್ನಾಯು ಉಬ್ಬಿದಾಗ ಗದೆ ಬಾಗದ ಜಾಗ ಹುಡುಕಿ, ಬಾಲದ ಸುತ್ತ ಹಣಮಪ್ಪನನ್ನು ಪೂರ್ತಿ ಬರೆದೆ. ಇವನು ಚೀಲ ಎತ್ತಿದರೆ ಹಣಮಪ್ಪ ಬೆಟ್ಟ ಎತ್ತಿದಂತೆ ಕಾಣಬೇಕು, ಹಾಗೆ. ಅವನು ತೋಳನ್ನು ತಿರುವಿ ತಿರುವಿ ನೋಡಿಕೊಂಡು ಹೋದ. ಆಸೆ ಹುಟ್ಟಿದರೆ ತಾನೇ ಬಂದು ಕೂತಾನೆಂಬುದು ನನ್ನ ಲೆಕ್ಕ.

ಬಂದ. ಮುಂದಿನ ಅಫಜಲಪುರದ ಸಂತೆಗೇ ಬಂದ. ತೋಳಿನ ಮೇಲೆ ಮತ್ತೆ ಬಾಲ ಮಾತ್ರ ಉಳಿದಿತ್ತು. ತಾಯಿಯೂ ಬಂದಿದ್ದಳು, ಆದರೆ ದೂರದ ಬೇವಿನ ಮರದ ಕೆಳಗೇ ನಿಂತಳು, ಹತ್ತಿರ ಬರಲಿಲ್ಲ.

"ಅವತ್ತು ಮನಿಗಿ ಹೋದಾಗ ಅವ್ವ ತೋಳು ನೋಡಿದ್ಲರಿ," ಎಂದ, ನನ್ನ ಮುಖ ನೋಡದೆ. "ಖರೇ ಹಚ್ಚಿನೇ ಅಂತ ತಿಳಕೊಂಡ್ಳು. ನಾ ಅಲ್ಲ ಅನ್ನಲಿಲ್ಲ. ಚಪ್ಪಲ್ ತಕ್ಕೊಂಡು ಮೆಟ್ಟಿ ಓಣಿ ತುಂಬ ತಿರಗ್ಯಾಡಿದ್ಲು. ಮರುದಿನ ತಾಲೀಮು ಮಾಡಿ ಬಂದೆ, ಬೆವರಿಗೆ ಹಣಮಪ್ಪ ಹೋಗಿದ್ದ. ನೋಡಿದ್ಲು. ಚಪ್ಪಲ್ ಬಿಚ್ಚಿ ಧೂಳ ಝಾಡಿಸಿ ಚೀಲದಾಗ ಇಟ್ಲು."

ಆಮೇಲೆ ಗೋಣಿತಾಟಿನ ಮೇಲೆ ಕೂತು ಎಡಗೈಯಿಂದ ಟ್ರಂಕಿನ ಹಿಡಿಕೆ ಹಿಡಿದ. "ಮಟನ್ನಿಗೆ ಏನು ಮಾಡ್ತಿ?" ಎಂದೆ.

"ಚಮಚದ್ಲೆ ತಿಂತೇನಿ."

ಹೊಸ ಸೂಜಿ ಕಟ್ಟಿದೆ. ಕಸುಬು ಹಿಡಿದ ಮೇಲೆ ಮೊದಲ ಸಲ ಸೂತ್ರ ಮುರಿದು ಮುಖದಿಂದ ಆರಂಭಿಸಿದೆ. ಟ್ರಂಕಿನ ಹಿಡಿಕೆ ಕಿತ್ತು ಅವನ ಕೈಗೆ ಬಂತು. ಅವನು ಅದನ್ನೇ ಹಿಡಿದು ಕೂತಿದ್ದ, ಏಳಲಿಲ್ಲ. ಗದೆಯಾದ ಮೇಲೆ ಕೊನೆಗೆ ಬಾಲದ ತುದಿ ಮುಗಿಸಿ ಕೈ ಎತ್ತಿದೆ.

ತಾಯಿ ಆಗ ಬಂದಳು. ಸೆರಗಿನ ತುದಿಯನ್ನು ನನ್ನ ನೀರಿನ ಡಬ್ಬಿಯಲ್ಲಿ ಅದ್ದಿ, ಹಸಿ ಹಚ್ಚೆಯ ಮೇಲೆ ಗಸಗಸ ಉಜ್ಜಿದಳು.

"ಯವ್ವಾ, ಸತ್ತೆ," ಎಂದ ಪೈಲ್ವಾನ.

ಸೆರಗಿಗೆ ಒಂದಿಷ್ಟು ಮಸಿ, ಒಂದಿಷ್ಟು ರಕ್ತ ಹತ್ತಿತು. ಹಣಮಪ್ಪ ಇದ್ದಲ್ಲಿಯೇ ಇದ್ದ. ಆಕೆ ಇನ್ನೊಮ್ಮೆ ಉಜ್ಜಿ ನೋಡಿದಳು. ಆಮೇಲೆ ಕೈಚೀಲದಿಂದ ಚಪ್ಪಲಿ ತೆಗೆದು ನೆಲಕ್ಕಿಟ್ಟು, ಮಗನ ಇನ್ನೊಂದು ತೋಳು ಹಿಡಿದುಕೊಂಡು, ಒಂದೊಂದಾಗಿ ಕಾಲು ತೂರಿಸಿದಳು.

"ಹೋಗ್ರಿ ಇನ್ನ," ಎಂದಳು ನನಗೆ. "ನಿಮ್ಮ ಬಸ್ ಬಂತು."