ನೋವು ಇರುವುದು ಬಾಯಲ್ಲಿ

ಮನೆಯಲ್ಲಿ ಒಬ್ಬರೇ ಇರುವಾಗಲೂ ಜಯವರ್ಮ ಮಾಸ್ತರರು ಗಟ್ಟಿಯಾಗಿಯೇ ಎಣಿಸುತ್ತಿದ್ದರು. ಮೂವತ್ತು ವರ್ಷ ನಾರಾವಿ ಕಡೆಯ ಹೈಸ್ಕೂಲೊಂದರ ಮೈದಾನದಲ್ಲಿ ನಾನೂರು ಮಕ್ಕಳಿಗೆ ಕೇಳಿಸುವಂತೆ "ಏಕ್, ದೋ, ತೀನ್, ಚಾರ್" ಎಂದ ಗಂಟಲು ಅದು. ನಿವೃತ್ತಿಯಾಯಿತೆಂದು ತಗ್ಗುತ್ತದೆಯೇ? ಬೆಳಗ್ಗೆ ಐದೂವರೆಗೆ ಚಾವಡಿಯ ಸಿಮೆಂಟು ನೆಲದ ಮೇಲೆ ಗೋಣಿಚೀಲ ಹಾಸಿದರೆಂದರೆ ಇಪ್ಪತ್ತನಾಲ್ಕು ಸೂರ್ಯನಮಸ್ಕಾರ, ಐವತ್ತು ದಂಡ, ನೂರು ಬಸ್ಕಿ. ಕೊನೆಗೆ, ಆಚಾರಿಗೆ ಹೇಳಿ ಹಲಸಿನ ಮರದಲ್ಲಿ ಮಾಡಿಸಿದ ಗದೆಯನ್ನು ಒಂದೊಂದು ಭುಜದ ಸುತ್ತ ಇಪ್ಪತ್ತೈದು ಸಲ ತಿರುಗಿಸಬೇಕು. ಹೆಂಡತಿ ತ್ರಿಶಲಾ ಅಡುಗೆಮನೆಯಲ್ಲಿ ಆ ಎಣಿಕೆಯ ಮೇಲೆಯೇ ಕೆಲಸ ನಡೆಸುತ್ತಿದ್ದರು. ಬಸ್ಕಿ ಎಂಬತ್ತಕ್ಕೆ ಬಂದರೆ ಗಂಜಿ ಇಳಿಸಬಹುದು ಎಂಬುದು ಅವರ ಲೆಕ್ಕ.

ಊಟದಲ್ಲೂ ಮಾಸ್ತರರದು ಇದೇ ಶಿಸ್ತು. ಬೆಳಗ್ಗೆ ಮೊಳಕೆ ಬಂದ ಹೆಸರುಕಾಳು, ಕುಚ್ಚಲಕ್ಕಿ ಗಂಜಿ. ಸಂಜೆ ರಾಗಿ ಅಂಬಲಿ. ಜೈನರ ಮನೆಯಾದ್ದರಿಂದ ಸೂರ್ಯ ಮುಳುಗುವ ಮೊದಲೇ ರಾತ್ರಿಯ ಊಟ ಮುಗಿಯಬೇಕು. ಈಗ ಮಂಗಳೂರಿನ ಡಾಕ್ಟರರೂ ಅದನ್ನೇ ಹೇಳತೊಡಗಿದ್ದಾರೆಂದು ಮಾಸ್ತರರಿಗೆ ಒಳಗೊಳಗೇ ಹೆಮ್ಮೆ. "ಊಟ ಬಲ್ಲವನಿಗೆ ರೋಗವಿಲ್ಲ" ಎಂದು ಅವರು ಬಂದವರೆದುರು ಗಾದೆಯ ಅರ್ಧ ಹೇಳಿ ಮುಗಿಸಿದರೆ, "ಮಾತು ಬಲ್ಲವನಿಗೆ ಜಗಳವಿಲ್ಲ, ಅದನ್ನೂ ಹೇಳಿ" ಎಂದು ಉಳಿದರ್ಧ ಅಡುಗೆಮನೆಯಿಂದ ಬರುತ್ತಿತ್ತು.

ಹಾಗಂತ ತನ್ನ ಆರೋಗ್ಯ ತನಗೆ ಎಂದುಕೊಂಡವರಲ್ಲ. ಕೇಳಿದವರಿಗೆಲ್ಲ ಹಳೆಯ ಉತ್ತರಪತ್ರಿಕೆಯ ಹಿಂಬದಿಯಲ್ಲಿ, ಮನೆಯಲ್ಲೇ ಮಾಡಬಹುದಾದ ವ್ಯಾಯಾಮದ ಪಟ್ಟಿ ಬರೆದುಕೊಡುತ್ತಿದ್ದರು. ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ನಿಝಾಮುದ್ದೀನರಿಗೆ ಸಕ್ಕರೆ ಕಾಯಿಲೆ. ಮನೆಗೆ ಹೋದರೆ ಪುರುಸೊತ್ತಿಲ್ಲವೆಂದು ಅವರು ಅಂಗಡಿಯ ಗಲ್ಲಾದ ಹಿಂದೆಯೇ ಬಸ್ಕಿ ಶುರುಮಾಡಿದರು. ಗಿರಾಕಿ ಒಳಗೆ ಬಂದರೆ ಅವರ ಟೋಪಿ ಒಮ್ಮೆ ಕಾಣುವುದು, ಒಮ್ಮೆ ಮಾಯವಾಗುವುದು.

"ಎಂತ ಬಿತ್ತು ಸಾಯ್ಬ್ರೇ?"

"ಎಂತದೂ ಬೀಳ್ಲಿಲ್ಲ ಮಾರಾಯ, ಹೊಟ್ಟೆ ಇಳಿಸುವುದು!"

ಈ ಪಟ್ಟಿಗೆ ಮಾಸ್ತರರು ಕಾಸು ತೆಗೆದುಕೊಳ್ಳುತ್ತಿರಲಿಲ್ಲ. ನೆಪವನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಜ್ವರ ಎಂದರೆ "ಬೆವರು ಬಂದ್ರೆ ಜ್ವರ ಓಡ್ತದೆ." ಕಾಲು ಉಳುಕಿದೆ ಎಂದರೆ "ನಡೆದ್ರೆ ಸರಿಯಾಗ್ತದೆ." ಮಕ್ಕಳು ಅಳುಮುಖ ಮಾಡಿ "ನೋವಾಗ್ತದೆ ಸರ್" ಎಂದರೆ ಅವರದು ಒಂದೇ ಉತ್ತರ: "ನೋವು ಇರುವುದು ಬಾಯಲ್ಲಿ, ಕಾಲಲ್ಲಿ ಅಲ್ಲ. ಬಾಯಿ ಮುಚ್ಚು, ಹೋಗ್ತದೆ." ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರು ಊರಿಗೊಬ್ಬರಾದರೂ ಇರುತ್ತಾರೆ. ನಮ್ಮ ಮಾಸ್ತರರ ಮೊಲ ಆ ಮೂರು ಕಾಲಲ್ಲೇ ಓಡಲೂ ಬೇಕಿತ್ತು.

ಯಾರಾದರೂ ಎದುರು ಹೇಳಿದರೆ ಚಾವಡಿಯ ಗೋಡೆಯಲ್ಲಿ ತೂಗುತ್ತಿದ್ದ ಫೋಟೋ ತೋರಿಸುತ್ತಿದ್ದರು. ಎರಡು ಜಡೆಯ ಹುಡುಗಿ, ಕೈಯಲ್ಲಿ ಬಹುಮಾನದ ಕಪ್ಪು, ಭಾರವನ್ನೆಲ್ಲ ಎಡಗಾಲಿನ ಮೇಲೆ ಹಾಕಿ ನಿಂತಿದ್ದಾಳೆ. ಗಾರೆ ಕೆಲಸದ ಮುಂಡಪ್ಪನ ಮಗಳು ಕಾಂತಿ. ಇಸವಿ 1996, ಬೆಳ್ತಂಗಡಿಯಲ್ಲಿ ತಾಲೂಕು ಕ್ರೀಡಾಕೂಟ, ಎಂಟುನೂರು ಮೀಟರ್. ಎರಡು ದಿನ ಮೊದಲು ಖೊಖೊ ಆಡುವಾಗ ಅವಳ ಬಲಮೊಣಕಾಲು ತಿರುಚಿ ಬಾತುಕೊಂಡಿತ್ತು. ಮಾಸ್ತರರೇ ಎಣ್ಣೆ ತಿಕ್ಕಿ, ಬಟ್ಟೆ ಬಿಗಿದು ಕಟ್ಟಿ ಓಡಿಸಿದರು. ಎರಡನೇ ಸ್ಥಾನ! "ಬಾತ ಕಾಲಲ್ಲಿ ಹುಡುಗಿ ಓಡಿದ್ದಾಳೆ, ನಿಮಗೆ ನೆಗಡಿಯಲ್ಲಿ ನಾಲ್ಕು ಬಸ್ಕಿ ಆಗುವುದಿಲ್ವಾ?" ಎಂದು ಅವರು ಆಮೇಲಿನ ಎಲ್ಲ ತಂಡಗಳಿಗೂ, ಪಟ್ಟಿ ಕೇಳಿಕೊಂಡು ಬಂದವರಿಗೂ ಹೇಳುತ್ತಾ ಬಂದರು.

ಕಾಂತಿ ಆಮೇಲೆ ಮೈದಾನಕ್ಕೆ ಬರಲಿಲ್ಲ. ಯಾಕೆಂದು ಮಾಸ್ತರರು ಕೇಳಲಿಲ್ಲ, ಕೇಳದಿದ್ದುದರಿಂದ ಗೊತ್ತಾಗಲೂ ಇಲ್ಲ. ಹುಡುಗಿಯರು ದೊಡ್ಡವರಾದ ಮೇಲೆ ಆಟ ಬಿಡುತ್ತಾರೆ, ಅಷ್ಟೇ ಎಂದುಕೊಂಡರು. ಮರುವರ್ಷ ಅವಳು ಎಸ್ಸೆಸ್ಸೆಲ್ಸಿ ಮುಗಿಸಿ ಹೋದಳು. ಫೋಟೋ ಮಾತ್ರ ಗೋಡೆಯಲ್ಲಿ ಉಳಿಯಿತು.

2008ರ ಮಳೆಗಾಲಕ್ಕೆ ಊರಿಗೆ ಚಿಕುನ್‌ಗುನ್ಯಾ ಬಂತು. ಜ್ವರ ನಾಲ್ಕು ದಿನದಲ್ಲಿ ಬಿಡುತ್ತಿತ್ತು, ಗಂಟುನೋವು ಮಾತ್ರ ಬಿಡದು. ಪೇಟೆಯಲ್ಲಿ ನೆಟ್ಟಗೆ ನಡೆಯುವವರನ್ನು ಹುಡುಕಬೇಕಾಯಿತು. ಇಪ್ಪತ್ತರ ಹುಡುಗರೂ ಬಸ್ಸಿನ ಮೆಟ್ಟಿಲು ಹತ್ತಲು ಕಂಡಕ್ಟರನ ಕೈ ಹಿಡಿದರು. ನಿಝಾಮುದ್ದೀನರು ಗಲ್ಲಾದ ಹಿಂದೆ ಕೂತವರು ಏಳಲಾರದೆ ಗಿರಾಕಿಗಳಿಗೆ "ನೀವೇ ತೆಗೆದು ನೋಡಿ" ಎನ್ನತೊಡಗಿದರು. "ಒಂದು ಸೊಳ್ಳೆ ಕಚ್ಚಿದ್ದಕ್ಕೆ ಇಷ್ಟು ನಾಟಕವಾ?" ಎಂದು ಮಾಸ್ತರರು ನಕ್ಕರು.

ಆಗಸ್ಟಿನಲ್ಲಿ ಸೊಳ್ಳೆ ಅವರನ್ನೂ ಕಚ್ಚಿತು. ಮೊದಲ ದಿನ ಮೈ ಕೆಂಡದಂತೆ ಸುಡುತ್ತಿರುವಾಗಲೇ ಗೋಣಿಚೀಲ ಹಾಸಿದರು. ಹದಿನೇಳನೇ ಸೂರ್ಯನಮಸ್ಕಾರಕ್ಕೆ ಎಣಿಕೆ ನಿಂತಿತು. ತ್ರಿಶಲಾ ಓಡಿ ಬಂದು ನೋಡಿದರೆ ಗಂಡ ನೆಲಕ್ಕೆ ಮುಖ ಒತ್ತಿ ಮಲಗಿದ್ದರು. "ನಮಸ್ಕಾರದ ಆರನೆಯ ಸ್ಥಿತಿ, ಸಾಷ್ಟಾಂಗ," ಎಂದರು, ಏಳಲಾಗದೆ.

ಜ್ವರ ಬಿಟ್ಟ ಮೇಲಾದರೂ ಸುಮ್ಮನಿದ್ದರೇ? ಇಲ್ಲ. ತ್ರಿಶಲಾ ಬಸದಿಗೆ ಹೋದ ಹೊತ್ತು ನೋಡಿ, ಜೀವನದಲ್ಲಿ ಮೊದಲ ಸಲ ಬಾಯಲ್ಲಿ ಎಣಿಸದೆ, ಕಳ್ಳತನದಿಂದ ಬಸ್ಕಿ ಹೊಡೆದರು, ಗದೆ ಎತ್ತಿದರು. ಹತ್ತು ದಿನದಲ್ಲಿ ಮಣಿಕಟ್ಟು ಬಾತು, ಬೆರಳುಗಳು ಅರ್ಧ ಮಡಚಿದಲ್ಲಿಯೇ ಗಟ್ಟಿಯಾದವು. ಲೋಟ ಹಿಡಿಯಲಾಗದು, ಅಂಗಿಯ ಗುಂಡಿ ಹಾಕಲಾಗದು. ಬಸದಿಯಲ್ಲಿ ಕೈಮುಗಿಯಲು ಹೋದರೆ ಅಂಗೈಗಳ ಬುಡ ಮಾತ್ರ ತಾಗಿತು, ಬೆರಳುಗಳು ಒಂದನ್ನೊಂದು ನೋಡುತ್ತಾ ದೂರ ನಿಂತವು. ಇದೊಂದು ಅವರನ್ನು ಕಂಗೆಡಿಸಿತು. ಗದೆ ಹೋದರೆ ಹೋಗಲಿ, ಈ ಕೈ ಇನ್ನು ಕೂಡುವುದೇ ಇಲ್ಲವೋ ಎಂದು ಅವರಿಗೆ ನಿಜವಾಗಿ ಭಯವಾಯಿತು.

ಆ ವಾರವೇ ಆರೋಗ್ಯ ಇಲಾಖೆಯ ಸಿಸ್ಟರ್ ಮನೆಮನೆ ನೋಡುತ್ತಾ ಬಂದಳು. ಹಿತ್ತಿಲಿನ ತೆಂಗಿನ ಗೆರಟೆಗಳ ನೀರು ಚೆಲ್ಲಿ, ಜಗಲಿಯ ಮೂರು ಮೆಟ್ಟಿಲನ್ನು ಪ್ರತಿಸಲ ಎಡಗಾಲು ಮುಂದಿಟ್ಟೇ ಹತ್ತಿ, ಬಾಗಿಲ ಪಕ್ಕದ ಗೋಡೆಗೆ ಸೀಮೆಸುಣ್ಣದಲ್ಲಿ ತಾರೀಕು ಬರೆದಳು. ತ್ರಿಶಲಾ ಅವಳ ಮುಖ ನೋಡಿದರು, ಗೋಡೆಯ ಫೋಟೋ ನೋಡಿದರು.

"ನೀನು ಮುಂಡಪ್ಪನ ಕಾಂತಿ ಅಲ್ವಾ ಮಾರಾಯ್ತಿ?"

"ಹೌದಮ್ಮ. ಇಲ್ಲಿಯ ಉಪಕೇಂದ್ರಕ್ಕೆ ಬಂದು ಎರಡು ತಿಂಗಳಾಯ್ತು."

"ನೋಡು ನಿನ್ನ ಮಾಸ್ಟ್ರ ಅವಸ್ಥೆ! ಜ್ವರದಲ್ಲಿ ಬಸ್ಕಿ ಹೊಡೆದವರು. ಬೇಡ ಅಂದ್ರೆ ನಿನ್ನ ಕಥೆ ತೆಗೀತಾರೆ. ಕಾಂತಿ ಬಾತ ಕಾಲಲ್ಲಿ ಓಡ್ಲಿಲ್ವಾ ಅಂತ."

"ನನ್ನ ಕಥೆಯಾ?" ಕಾಂತಿಗೆ ಅದು ಹೊಸ ಸುದ್ದಿ. ಫೋಟೋದ ಹತ್ತಿರ ಹೋಗಿ ಸ್ವಲ್ಪ ಹೊತ್ತು ನಿಂತಳು. ಮಾಸ್ತರರು ಕುರ್ಚಿಯಲ್ಲೇ ಬೆನ್ನು ನೆಟ್ಟಗೆ ಮಾಡಿಕೊಂಡರು. ಹುಡುಗಿಗೆ ಸಂತೋಷವಾಗಿರಬೇಕು ಎಂದುಕೊಂಡರು.

"ಇದರ ಮರುದಿನ ಅಪ್ಪ ನನ್ನನ್ನು ಹೊತ್ತುಕೊಂಡು ಮಂಗಳೂರು ಬಸ್ಸು ಹತ್ತಿದ್ರು," ಎಂದಳು ಕಾಂತಿ, ರಿಜಿಸ್ಟರ್ ಓದುವವಳ ಹಾಗೆ. "ಒಳಗೆ ಲಿಗಮೆಂಟ್ ಪೂರ್ತಿ ಹರಿದಿತ್ತು. ಮೊದಲೇ ರೆಸ್ಟ್ ಕೊಟ್ಟಿದ್ರೆ ಇಷ್ಟು ಆಗ್ತಿರ್ಲಿಲ್ಲ ಅಂದ್ರು ಡಾಕ್ಟ್ರು. ಅದೇ ನನ್ನ ಕೊನೆಯ ಓಟ ಸರ್. ಗುಡ್ಡೆ ಇಳಿಯುವಾಗ ಈಗಲೂ ಕಾಲು ಜಾರಿದ ಹಾಗೆ ಆಗ್ತದೆ."

ಅವಳು ಮಾಸ್ತರರ ಕೈ ಹಿಡಿದು ಬೆರಳಿನ ಗಂಟುಗಳನ್ನು ಒಂದೊಂದಾಗಿ ಒತ್ತಿ ನೋಡಿದಳು. "ಬಾವು ಇಳಿಯುವವರೆಗೆ ವ್ಯಾಯಾಮ ಬಂದ್. ಗದೆ ಮುಟ್ಟಲೇಬೇಡಿ. ನೀರು ಚೆನ್ನಾಗಿ ಕುಡಿಯಿರಿ. ಈ ಸಲ ದಶಲಕ್ಷಣ ಪರ್ವದಲ್ಲಿ ಒಂದೇ ಹೊತ್ತು ಊಟ ಅಂತ ವ್ರತ ಹಿಡೀಬೇಡಿ, ಎರಡು ಹೊತ್ತೂ ಉಣ್ಣಿ." ಇಷ್ಟು ಹೇಳಿ ಮುಂದಿನ ಮನೆಗೆ ಹೋದಳು.

ಆಮೇಲಿನ ದಿನಗಳಲ್ಲಿ ಚಾವಡಿಯಲ್ಲಿ ಎಣಿಕೆ ಕೇಳಿಸಲಿಲ್ಲ. ಗಂಜಿ ಇಳಿಸುವ ಹೊತ್ತು ತಪ್ಪಿ ತ್ರಿಶಲಾ ಎರಡು ಸಲ ತಳ ಹಿಡಿಸಿದರು. ಮಾಸ್ತರರು ಕುರ್ಚಿಯಲ್ಲಿ ಕೂತು ಆ ಹಳೆಯ ಓಟವನ್ನು ನೆನೆಸಿದರು. ಹನ್ನೆರಡು ವರ್ಷ ಹೇಳಿದ ಕಥೆಯಲ್ಲಿ ತಾನು ಬಿಟ್ಟುಬಿಟ್ಟ ತುಂಡೊಂದು ಅವರಿಗೆ ಸ್ಪಷ್ಟವಾಗಿ ನೆನಪಿತ್ತು. ಬಟ್ಟೆ ಕಟ್ಟುವಾಗ ಹುಡುಗಿ "ನೋವಾಗ್ತದೆ ಸರ್" ಎಂದಿದ್ದಳು. ಗೆರೆಯ ಹತ್ತಿರ ನಿಂತಾಗ ಇನ್ನೊಮ್ಮೆ. ಪಿಸ್ತೂಲು ಎತ್ತುವ ಮೊದಲು, ತಿರುಗಿ ನೋಡಿ, ಮತ್ತೊಮ್ಮೆ. ಮೂರು ಸಲ. ಅವರು ಬಾಯಿಯ ಮೇಲೆ ಬೆರಳಿಟ್ಟು ತೋರಿಸಿದ್ದರು. ಮಾಸ್ತರರಿಗೆ ನಾಚಿಕೆಯಾಯಿತು, ಅರವತ್ತಮೂರು ವರ್ಷದ ಮನುಷ್ಯನಿಗೆ ಆಗಬಾರದಷ್ಟು ನಾಚಿಕೆಯಾಯಿತು. ಫೋಟೋ ತೆಗೆಯಲು ಅವರ ಬೆರಳಿಗೆ ಆಗಲಿಲ್ಲ. ಹೆಂಡತಿಗೆ ಹೇಳಿದರು. ಯಾಕೆಂದು ಕೇಳದೆ ಅವರು ತೆಗೆದಿಟ್ಟರು.

ಭಾದ್ರಪದದಲ್ಲಿ ದಶಲಕ್ಷಣ ಪರ್ವದ ಹತ್ತು ದಿನ ಮುಗಿದ ಮೇಲೆ ಜೈನರಿಗೆ ಕ್ಷಮಾವಾಣಿ. ಅಂದು ಎದುರು ಸಿಕ್ಕವರಿಗೆಲ್ಲ ಕೈಮುಗಿದು "ತಿಳಿದೋ ತಿಳಿಯದೆಯೋ ನನ್ನಿಂದ ತಪ್ಪಾಗಿದ್ದರೆ ಕ್ಷಮಿಸಿ" ಎನ್ನಬೇಕು. ಅವರೂ ಹಾಗೆಯೇ ಕೈಮುಗಿಯುತ್ತಾರೆ, ಮುಗಿಯಿತು. ಮಾಸ್ತರರು ಪ್ರತಿವರ್ಷ ಬಸದಿಯಿಂದ ಶುರುಮಾಡಿ ನಿಝಾಮುದ್ದೀನರ ಅಂಗಡಿಯವರೆಗೆ ಹೇಳಿಕೊಂಡು ಬರುತ್ತಿದ್ದರು. ಈ ಸಲ ಬಸದಿಯಿಂದ ಹೊರಟವರು ಅಂಗಡಿಯ ಕಡೆ ತಿರುಗದೆ ಉಪಕೇಂದ್ರದ ಹಾದಿ ಹಿಡಿದರು. ಐದು ನಿಮಿಷದ ದಾರಿಗೆ ಅರ್ಧ ಗಂಟೆ ಹಿಡಿಯಿತು.

ಕಾಂತಿ ಲಸಿಕೆಯ ಪೆಟ್ಟಿಗೆ ಒರೆಸುತ್ತಿದ್ದಳು. ಬೆಂಚಿನಲ್ಲಿ ಇಬ್ಬರು ಬಾಣಂತಿಯರು ಮಕ್ಕಳನ್ನು ಮಲಗಿಸಿಕೊಂಡು ಕೂತಿದ್ದರು.

ಮಾಸ್ತರರು ಕೈ ಎತ್ತಿದರು. ಬೆರಳುಗಳು ಇನ್ನೂ ಕೂಡುತ್ತಿರಲಿಲ್ಲ. "ಇವತ್ತು ಕ್ಷಮಾವಾಣಿ, ಕಾಂತಿ. ತಿಳಿದೋ ತಿಳಿಯದೆಯೋ ನನ್ನಿಂದ ತಪ್ಪಾಗಿದ್ರೆ..."

"ಯಾವ ತಪ್ಪು ಸರ್?"

ಇಷ್ಟು ವರ್ಷದಲ್ಲಿ ಹಾಗೆ ತಿರುಗಿ ಕೇಳಿದವರು ಯಾರೂ ಇರಲಿಲ್ಲ. ಮಾಸ್ತರರು ಎತ್ತಿದ ಕೈಯನ್ನು ಇಳಿಸದೆ ನಿಂತರು.

"ನೀನು ಮೂರು ಸಲ ಹೇಳಿದ್ದಿ, ನೋವಾಗ್ತದೆ ಅಂತ. ನಂಗೆ ಕೇಳಿಸಿತ್ತು. ಕಪ್ಪು ಬೇಕಿತ್ತು, ಓಡಿಸಿದೆ. ತಿಳಿಯದೆ ಅಲ್ಲ. ತಿಳಿದೇ."

ಕಾಂತಿ ಪೆಟ್ಟಿಗೆಯ ಮುಚ್ಚಳ ಹಾಕಿದಳು. "ನನಗೆ ಸಿಟ್ಟುಂಟು ಸರ್. ಮೆಟ್ಟಿಲು ಕಂಡಾಗೆಲ್ಲ ಬರ್ತದೆ. ಇವತ್ತಿಗೆ ಹೋಯ್ತು ಅಂತ ನಾನು ಸುಳ್ಳು ಹೇಳುವುದಿಲ್ಲ."

"ಬೇಡ," ಎಂದರು ಮಾಸ್ತರರು. "ಹೇಳ್ಬೇಡ."

ಅವರು ಹೊರಡಲು ತಿರುಗಿದರು. "ಎಲ್ಲಿಗೆ? ಕೂತ್ಕೊಳ್ಳಿ," ಎಂದಳು ಅವಳು. ಸ್ಟವ್ ಮೇಲಿದ್ದ ನೀರನ್ನು ಬೇಸಿನ್ನಿಗೆ ಸುರಿದು, ತಣ್ಣೀರು ಬೆರೆಸಿ, ಬೆರಳದ್ದಿ ನೋಡಿದಳು. "ಬಾವು ಇಳಿದಿದೆ. ಇನ್ನು ಶುರುಮಾಡಬಹುದು. ನೀರೊಳಗೆ ಕೈ ಇಟ್ಟು ಮುಷ್ಟಿ ಮಾಡಿ, ಬಿಡಿ. ಹತ್ತು ಸಲ."

ಐವತ್ತು ದಂಡ, ನೂರು ಬಸ್ಕಿಯ ಮನುಷ್ಯನಿಗೆ ಹತ್ತು ಮುಷ್ಟಿ! ಮಾಸ್ತರರು ಅಭ್ಯಾಸಬಲದಿಂದ ಗಟ್ಟಿಯಾಗಿಯೇ ಶುರುಮಾಡಿದರು. "ಏಕ್. ದೋ. ತೀನ್." ಬೆಂಚಿನ ಮಗುವೊಂದು ಬೆಚ್ಚಿ ಅತ್ತಿತು. ನಾಲ್ಕಕ್ಕೆ ದನಿ ತಗ್ಗಿತು. ಆರಕ್ಕೆ ಮಣಿಕಟ್ಟಿನಿಂದ ಮೊಣಕೈಯವರೆಗೆ ಚುಳ್ಳೆಂದು ಎದ್ದು ಬಂತು. ಮಾಸ್ತರರು ಹಲ್ಲು ಕಚ್ಚಿ, ಬಾಯಿ ಬಿಗಿಯಾಗಿ ಮುಚ್ಚಿ, ಏಳನೆಯದಕ್ಕೆ ಬೆರಳು ಮಡಚತೊಡಗಿದರು.

ಕಾಂತಿ ಅವರ ಕೈಯನ್ನು ನೋಡುತ್ತಿರಲಿಲ್ಲ, ಮುಖವನ್ನು ನೋಡುತ್ತಿದ್ದಳು. "ಸರ್?" ಎಂದಳು.

ಮಾಸ್ತರರ ಬೆರಳು ಅರ್ಧದಲ್ಲೇ ನಿಂತಿತು. ಆಮೇಲೆ ಬಾಯಿ ತೆರೆದರು.

"ನೋವಾಗ್ತದೆ."

"ಹಾಗಾದ್ರೆ ನಿಲ್ಲಿಸುವ," ಎಂದಳು ಕಾಂತಿ.